ಗಂಟೆಗೆ 20 ನಿಮಿಷ

ಕಳೆದ ಸೆಮಿಸ್ಟರ್ ಪರೀಕ್ಷೆಯ ಹೊತ್ತಿನಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಮಾತು ಬಂತು. ಬಿಎ ಮೊದಲ ವರ್ಷದಲ್ಲಿ ಕಣ್ಣು ಕಾಣದ ಒಬ್ಬ ಹುಡುಗಿ ಇದ್ದಾಳೆ. ಅವಳು ಉತ್ತರ ಹೇಳಿ ಸ್ಕ್ರೈಬ್, ಅಂದರೆ ಅವಳ ಪರವಾಗಿ ಬರೆಯುವವರು, ಬರೆದುಕೊಳ್ಳಲು ಬೇರೆ ಕೋಣೆ ಬೇಕಿತ್ತು, ಯಾವ ಕೋಣೆಯೂ ಖಾಲಿ ಇರಲಿಲ್ಲ. ಹಿರಿಯ ಮೇಷ್ಟ್ರೊಬ್ಬರು ಟೀ ಲೋಟ ಕೆಳಗಿಡುತ್ತಾ, "ಸ್ಕ್ರೈಬ್ ಕೊಡ್ತೀವಿ, ಒಂದು ಗಂಟೆ ಎಕ್ಸ್‌ಟ್ರಾ ಟೈಮ್ ಕೊಡ್ತೀವಿ, ಇನ್ನೂ ಏನ್ರೀ ಬೇಕು ಇವರಿಗೆ?" ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಅದೇ ಹುಡುಗಿಯ ಪರೀಕ್ಷಾ ಶುಲ್ಕವನ್ನು ಯಾರಿಗೂ ಹೇಳದೆ ತಾವೇ ಕಟ್ಟಿದವರು. ನಾನು ಸುಮ್ನಿದ್ದೆ. ಅತಿಥಿ ಉಪನ್ಯಾಸಕ ನಾನು, ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಬಾಗಿಲ ಪಕ್ಕದ್ದು. ಯಾರಾದರೂ ಕಾಯಂ ಮೇಷ್ಟ್ರು ಬಂದರೆ ಎದ್ದು ಕೊಡಬೇಕಾದ ಕುರ್ಚಿ ಅದು.

ಆದರೆ ಆ 'ಎಕ್ಸ್‌ಟ್ರಾ' ಅನ್ನೋ ಪದ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಮನೆತನಕ ಬಂತು.

2013ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಅಭ್ಯರ್ಥಿಗಳ ಪರೀಕ್ಷೆ ಹೇಗೆ ನಡೆಸಬೇಕು ಅಂತ ಒಂದು ಮಾರ್ಗಸೂಚಿ ಹೊರಡಿಸಿತು. ಸರ್ಕಾರಿ ಕಾಗದಗಳಲ್ಲಿ ಒಳ್ಳೆಯ ಸಾಲು ಸಿಗುವುದು ಅಪರೂಪ. ಇದರಲ್ಲಿ ಒಂದಿದೆ. 'ಎಕ್ಸ್‌ಟ್ರಾ ಟೈಮ್', 'ಅಡಿಷನಲ್ ಟೈಮ್' ಅನ್ನುವುದನ್ನು ಬಿಟ್ಟು 'ಕಾಂಪೆನ್ಸೇಟರಿ ಟೈಮ್' ಅನ್ನಬೇಕು, ಅದು ಪರೀಕ್ಷೆಯ ಪ್ರತಿ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆ ಇರಬಾರದು ಅಂತ ಅದು ಹೇಳುತ್ತದೆ. 2018ರ ಆಗಸ್ಟಿನಲ್ಲಿ ಮಾರ್ಗಸೂಚಿ ಬದಲಾಯಿತು, ಲೆಕ್ಕ ಬದಲಾಗಲಿಲ್ಲ. ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ. ಎಕ್ಸ್‌ಟ್ರಾ ಅಂದರೆ ಊಟಕ್ಕೆ ಕೂತವರಿಗೆ ಬಡಿಸಿದ ಎರಡನೇ ಹೋಳಿಗೆ. ಕಾಂಪೆನ್ಸೇಟರಿ ಅಂದರೆ ನಿಮ್ಮ ಜೇಬಿನಿಂದ ಹೋದದ್ದನ್ನು ವಾಪಸ್ ಕೊಡುವುದು. ಯಾರೋ ಒಬ್ಬ ಅಧಿಕಾರಿ ಕೂತು ಯೋಚನೆ ಮಾಡಿಯೇ ಈ ಪದ ಬದಲಾಯಿಸಿರಬೇಕು. ಹತ್ತು ವರ್ಷದ ಮೇಲಾಯಿತು. ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇವತ್ತಿಗೂ ಇರುವುದು ಎಕ್ಸ್‌ಟ್ರಾ ಟೈಮೇ.

ಈ ವಿಷಯ ನನ್ನನ್ನು ಇಷ್ಟೊಂದು ಕಾಡಲು ಕಾರಣ ಇದೆ. ನಾನು ಒಮ್ಮೆ ಸ್ಕ್ರೈಬ್ ಆಗಿದ್ದೆ. ಒಂದೇ ಒಂದು ಪೇಪರಿಗೆ. ಆ ಪೇಪರನ್ನು ಕೆಡಿಸಿದ್ದೆ ಕೂಡ.

ಆಟದ ಸಾಮಾನಿನ ಕೋಣೆ

2015ರ ಮಾರ್ಚ್. ನಾನು ಫಸ್ಟ್ ಪಿಯುಸಿ ಸೈನ್ಸ್ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ರಾತ್ರಿ ಒಂಬತ್ತರ ಹೊತ್ತಿಗೆ ಕಾಲೇಜಿನ ಅಟೆಂಡರ್ ಬೈಕಿನಲ್ಲಿ ಬಂದರು. ನಾಳೆ ಬೆಳಿಗ್ಗೆ ಸೆಕೆಂಡ್ ಪಿಯುಸಿ ಹಿಸ್ಟರಿ ಪೇಪರ್, ಕಣ್ಣಿಲ್ಲದ ಒಬ್ಬ ಹುಡುಗನಿಗೆ ಬರೆಯಬೇಕು, ಬರಬೇಕಿದ್ದವನು ಕೈಕೊಟ್ಟಿದ್ದಾನೆ ಅಂದರು. ಒಂದು ತರಗತಿ ಕೆಳಗಿನವನಾಗಿರಬೇಕು, ಹಿಸ್ಟರಿ ಓದುವವನಾಗಿರಬಾರದು. ಎರಡಕ್ಕೂ ನಾನು ಸರಿಹೋದೆ. ಅಕ್ಷರ ಚೆನ್ನಾಗಿದೆ ಅಂತ ಕನ್ನಡ ಮೇಷ್ಟ್ರು ಹೇಳಿದ್ದರಂತೆ. ಅಮ್ಮ ಒಳಗಿನಿಂದಲೇ, "ಹೋಗೋ, ಪುಣ್ಯ ಬರುತ್ತೆ" ಅಂದಳು. ಪರೀಕ್ಷೆ ಅವನದು, ಪುಣ್ಯ ನನ್ನದು. ಇದರಲ್ಲಿ ಏನೋ ಸರಿಯಿಲ್ಲ ಅಂತ ಆಗ ಅನ್ನಿಸಲಿಲ್ಲ.

ಕೂರಿಸಿದ್ದು ಆಟದ ಸಾಮಾನು ಇಡುವ ಕೋಣೆಯಲ್ಲಿ. ಮೂಲೆಯಲ್ಲಿ ಜಾವೆಲಿನ್‌ಗಳು, ಸುತ್ತಿಟ್ಟ ಮ್ಯಾಟು, ಗಾಳಿ ಹೋದ ವಾಲಿಬಾಲ್‌ಗಳು. ಆ ಮ್ಯಾಟಿನ ನಾರಿನ ವಾಸನೆ ಈಗಲೂ ಎಲ್ಲಾದರೂ ಬಂದರೆ ನನಗೆ ಶಾತವಾಹನರು ನೆನಪಾಗುತ್ತಾರೆ. ಅವನು ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನು. ಅಣ್ಣ ಅಂದೆ. "ತಮ್ಮ, ನಿಧಾನವಾಗಿ ಓದು, ಪೂರ್ತಿ ಓದು" ಅಂದ. ಅಷ್ಟೇ ನಮ್ಮ ಪರಿಚಯ. ಅಭ್ಯರ್ಥಿಗೆ ಸ್ಕ್ರೈಬ್‌ನನ್ನು ಒಂದು ದಿನ ಮೊದಲೇ ಭೇಟಿ ಮಾಡಿಸಿ, ಹೊಂದಿಕೆಯಾಗುತ್ತಾನಾ ಅಂತ ನೋಡಿಕೊಳ್ಳಲು ಬಿಡಬೇಕು ಅನ್ನುವ ನಿಯಮ ಆಗಲೂ ಇತ್ತು. ನಮಗೆ ಸಿಕ್ಕಿದ್ದು ಬೆಲ್ ಹೊಡೆಯುವ ಮುಂಚಿನ ಐದು ನಿಮಿಷ.

ಹೇಳಿ ಬರೆಸುವುದು ಎಂಥ ಕೆಲಸ ಅಂತ ಆವತ್ತು ಗೊತ್ತಾಯಿತು. ನಾವು ಬರೆಯುವಾಗ ಕೈ ಒಂದು ಸಾಲಿನಲ್ಲಿದ್ದರೆ ತಲೆ ಮುಂದಿನ ಸಾಲಿನಲ್ಲಿರುತ್ತದೆ. ಅವನಿಗೆ ಹಾಗೆ ಆಗುತ್ತಿರಲಿಲ್ಲ. ವಾಕ್ಯ ಹೇಳಬೇಕು, ನನ್ನ ಪೆನ್ನು ನಿಂತ ಸದ್ದಿಗೆ ಕಾಯಬೇಕು, ಅಷ್ಟರಲ್ಲಿ ಮುಂದಿನದನ್ನು ಮರೆಯದೆ ಹಿಡಿದಿಟ್ಟುಕೊಂಡಿರಬೇಕು. ಪಾಯಿಂಟುಗಳನ್ನು ಬೆರಳಲ್ಲಿ ಮೇಜಿನ ಮೇಲೆ ತಟ್ಟಿ ಎಣಿಸಿಕೊಳ್ಳುತ್ತಿದ್ದ. ನಾನೋ ಸೈನ್ಸ್ ಹುಡುಗ. "ಗೌತಮೀಪುತ್ರ ಶಾತಕರ್ಣಿ" ಅಂದರೆ "ಅಣ್ಣಾ, ಶಾ ದೀರ್ಘನಾ?" ಅಂತ ಕೇಳುತ್ತಿದ್ದೆ. ಪ್ರತಿ ಸಲ ಕೇಳಿದಾಗಲೂ ಅವನು ಹಿಡಿದಿಟ್ಟುಕೊಂಡಿದ್ದ ಮುಂದಿನ ವಾಕ್ಯ ಬಿದ್ದುಹೋಗುತ್ತಿತ್ತು. ಮತ್ತೆ ಮೇಜು ತಟ್ಟಿ ಮೊದಲಿಂದ ಎಣಿಸುತ್ತಿದ್ದ. ಒಮ್ಮೆ ಒಂದು ಇಡೀ ಸಾಲು ಬಿಟ್ಟೆ, ಸಾರಿ ಅಂದೆ. ಇನ್ನೊಮ್ಮೆ ಪ್ರಶ್ನೆ ಸಂಖ್ಯೆ ತಪ್ಪು ಹಾಕಿದೆ, ಮತ್ತೆ ಸಾರಿ ಅಂದೆ.

ಆಮೇಲೆ ನಕ್ಷೆ ಪ್ರಶ್ನೆ ಬಂತು. ಪಿಯುಸಿ ಹಿಸ್ಟರಿ ಬರೆದವರಿಗೆಲ್ಲ ಗೊತ್ತು, ಭಾರತದ ನಕ್ಷೆಯಲ್ಲಿ ಐತಿಹಾಸಿಕ ಜಾಗ ಗುರುತಿಸಿ ಎರಡೆರಡು ವಾಕ್ಯ ಬರೆಯುವುದು. ಹತ್ತು ಅಂಕ, ಬಿಟ್ಟರೆ ಸಿಗದಂಥ ಅಂಕ. ನಾನು ಓದಲು ಶುರು ಮಾಡಿ ನಡುವೆ ನಿಲ್ಲಿಸಿದೆ.

"ಮುಂದೆ ಓದು."

"ಅಣ್ಣಾ, ಇದು ಮ್ಯಾಪು."

"ಹೂಂ. ಮುಂದೆ?"

"ಅಷ್ಟೇ. ಮುಗೀತು."

ಅವನು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಮೇಜಿನ ಮೇಲೆ ಬೆರಳೂ ಆಡಲಿಲ್ಲ. "ಸರಿ, ಮಿಕ್ಕಿದ್ದು ಬರಿ. ಇದನ್ನ ಕೊನೆಗೆ ನೋಡೋಣ" ಅಂದ. ನನಗೋ ಒಳಗೊಳಗೆ ಸಮಾಧಾನ. ನಕ್ಷೆ ಬಿಡಿಸಲು ಹೇಳಿದರೆ ಏನು ಮಾಡಲಿ ಅಂತ ಹೆದರಿದ್ದೆ. ಉಳಿದದ್ದನ್ನೆಲ್ಲ ಬರೆದು ಮುಗಿಸಿದ ಮೇಲೆ, ಕೊನೆಯ ಹದಿನೈದು ನಿಮಿಷ ಇರುವಾಗ, "ತಮ್ಮ, ಪೇಪರನ್ನ ಒಂದ್ಸಲ ಕೊನೇ ಪುಟದವರೆಗೂ ತಿರುಗಿಸಿ ನೋಡು" ಅಂದ. ತಿರುಗಿಸಿದೆ. ಕೆಳಗೆ ಪ್ರಿಂಟಾಗಿತ್ತು, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಮಾತ್ರ, ನಕ್ಷೆ ಪ್ರಶ್ನೆಯ ಬದಲು ಇದಕ್ಕೆ ಉತ್ತರಿಸಿ ಅಂತ. ಹತ್ತು ಅಂಕದ ದೊಡ್ಡ ಪ್ರಶ್ನೆ. ಅರ್ಧ ಬರೆದೆವು. ಬೆಲ್ ಹೊಡೆಯಿತು.

(ಕಣ್ಣು ಕಾಣದವರಿಗೆ ಮಾತ್ರ ಇರುವ ಆ ಸಾಲನ್ನು ಓದಬೇಕಾದರೆ ಕಣ್ಣು ಬೇಕು. ಬಿಎ ಸೇರಿದ ಮೇಲೆ ಇದು ಹೊಳೆದು ಒಬ್ಬನೇ ನಕ್ಕಿದ್ದೆ, ಆಮೇಲೆ ನಗು ಬರಲಿಲ್ಲ. ಅಂದಹಾಗೆ, ನಾನು ಪಿಯುಸಿ ಮುಗಿಸಿ ಸೈನ್ಸ್ ಬಿಟ್ಟು ಹಿಸ್ಟರಿಗೆ ಬಂದೆ. ಆ ಅಣ್ಣನ ಪೇಪರ್ ಬರೆದ ಮೇಲೇ ನಿಂಗೆ ಹಿಡಿದಿದ್ದು ಅಂತ ಮನೆಯಲ್ಲಿ ಇವತ್ತಿಗೂ ರೇಗಿಸುತ್ತಾರೆ.)

ಅವನಿಗೆ ಆವತ್ತು ಗಂಟೆಗೆ 20 ನಿಮಿಷ ಸಿಕ್ಕಿತ್ತು. ನಾನು 'ಶಾ ದೀರ್ಘನಾ' ಅಂತ ಕೇಳಿ ಕೇಳಿ ಅದರಲ್ಲಿ ಎಷ್ಟು ತಿಂದೆ ಅಂತ ಲೆಕ್ಕ ಇಟ್ಟವರಿಲ್ಲ.

ಪಿ, ಎ, ಪೌಂಡ್

ಈಗಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಸೆಮಿಸ್ಟರ್ ಶುರುವಾದಾಗ ಎಲ್ಲರಿಗೂ ಮಾಡುವ ಹಾಗೆ ನೋಟ್ಸನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ನನ್ನ ಕೈಬರಹದ ಪುಟಗಳ ಫೋಟೋ ತೆಗೆದು ಪಿಡಿಎಫ್ ಮಾಡಿದ್ದು. ಎರಡು ದಿನ ಬಿಟ್ಟು ಅವಳು ಕಾರಿಡಾರಿನಲ್ಲಿ ಸಿಕ್ಕಿ, "ಸಾರ್, ನೀವು ಕಳಿಸಿದ್ದು ಓದಲ್ಲ, ಬರೀ ಇಮೇಜ್ ಅನ್ನುತ್ತೆ" ಅಂದಳು. ಅವಳ ಫೋನು ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುತ್ತದೆ. ಫೋಟೋದಲ್ಲಿ ಅಕ್ಷರ ಇಲ್ಲ, ಚಿತ್ರ ಇದೆ. ಓಹೋ ಅಂದುಕೊಂಡೆ. ಟೈಪ್ ಮಾಡಿದ ಹಳೆಯ ನೋಟ್ಸ್ ನನ್ನ ಹತ್ರ ಇತ್ತು, ನನಗೆ ಮೊದಲು ಇದ್ದ ಮೇಷ್ಟ್ರು ಬಿಟ್ಟುಹೋದದ್ದು. ವರ್ಡ್ ಫೈಲು, ಅಚ್ಚುಕಟ್ಟಾಗಿತ್ತು. ಅದನ್ನು ಕಳಿಸಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಬೀಗಿದೆ.

ಮಾರನೇ ದಿನ ಅವಳು ಲ್ಯಾಪ್‌ಟಾಪನ್ನೇ ತಂದಳು. ಅದರಲ್ಲಿ ಎನ್‌ವಿಡಿಎ ಇತ್ತು. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವ ಉಚಿತ ಸಾಫ್ಟ್‌ವೇರ್ ಅದು. ಆಸ್ಟ್ರೇಲಿಯಾದ ಮೈಕಲ್ ಕರನ್ ಅನ್ನುವವರು, ಸ್ವತಃ ಅಂಧರು, 2006ರಲ್ಲಿ ಶುರು ಮಾಡಿದ್ದು. ಫೈಲು ತೆರೆದಳು. ಯಂತ್ರದ ದನಿ ಶುರುವಾಯಿತು. ಪಿ, ಎ, ಪೌಂಡ್, ಎ, ಕ್ಯೂ, ಎ. ಒಂದೇ ಸಮನೆ. ಇಡೀ ಕದಂಬ ಸಾಮ್ರಾಜ್ಯ ಹಾಗೇ ಹೋಯಿತು. ಅವಳು ಗಂಭೀರವಾಗಿ, "ಸಾರ್, ಮಯೂರವರ್ಮ ಯಾವಾಗ ಬರ್ತಾನೆ?" ಅಂದಳು. ಇಬ್ಬರೂ ನಕ್ಕೆವು.

ಆಗಿದ್ದಿಷ್ಟು. ಫೈಲು ನುಡಿಯ ಹಳೆಯ ಫಾಂಟಿನಲ್ಲಿತ್ತು. ನಮ್ಮ ತಲೆಮಾರಿನವರಿಗೆ ಕಂಪ್ಯೂಟರಿನಲ್ಲಿ ಕನ್ನಡ ಅಂದರೆ ನುಡಿ, ಬರಹ ಇವೇ. ಅವು ಇಲ್ಲದಿದ್ದರೆ ನಾವು ಟೈಪ್ ಮಾಡುವುದನ್ನೇ ಕಲಿಯುತ್ತಿರಲಿಲ್ಲ. ಆದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚಿನ ಆ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಫಾಂಟು ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತದೆ. 'ಕನ್ನಡ' ಅನ್ನುವ ಮೂರಕ್ಷರ ಒಳಗೆ ಒಂದು ಪಿ, ನಡುನಡುವೆ ತಲೆಯ ಮೇಲೆ ಗೀಟಿರುವ ಎ, ಒಂದು ಪೌಂಡ್ ಗುರುತು, ಒಂದು ಕ್ಯೂ ಹೀಗೆ ಇರುತ್ತದೆ. ಕಣ್ಣಿಗೆ ಕನ್ನಡ, ಕಿವಿಗೆ ಕಲಸುಮೇಲೋಗರ. ಹೊಸ ನುಡಿಯಲ್ಲಿ ಯುನಿಕೋಡ್ ಇದೆ, ಫೋನಿನಲ್ಲಿ ನಾವು ಟೈಪ್ ಮಾಡುವುದೆಲ್ಲ ಯುನಿಕೋಡೇ. ಆದರೆ ಕಾಲೇಜುಗಳ ಹಳೆಯ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹರಿದುಬಂದ ಆಸ್ತಿಯೆಲ್ಲ ಇನ್ನೂ ಆ ವೇಷದಲ್ಲೇ ಇದೆ.

ಬದಲಾಯಿಸುವ ಉಪಕರಣಗಳು ಇವೆ, ಪುಕ್ಕಟೆಯಾಗಿಯೇ ಸಿಗುತ್ತವೆ. ಅಂಟಿಸಿ ಒತ್ತಿದರೆ ಯುನಿಕೋಡ್ ಬರುತ್ತದೆ. ನನ್ನ ಫೈಲಿನಲ್ಲಿ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತು, ಇಸವಿಗಳು ಹಿಂದುಮುಂದಾದವು. ಕೂತು ಸರಿಮಾಡಬೇಕಾಯಿತು. ಮೊದಲ ಘಟಕದ ಹದಿನೆಂಟು ಪುಟಕ್ಕೆ ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಹೆಂಡತಿ, "ಇದಕ್ಕೆ ಬೇರೆ ಸಂಬಳ ಕೊಡ್ತಾರಾ?" ಅಂತ ಕೇಳಿದಳು. ಇರುವ ಸಂಬಳವೇ ಎರಡು ತಿಂಗಳಿಂದ ಬಂದಿರಲಿಲ್ಲ, ಆ ಮಾತು ಬೇರೆ.

ಆ ಭಾನುವಾರ ನನಗೆ ಒಂದು ವಿಷಯ ಹೊಳೆಯಿತು. ಈ ಎಂಟು ಗಂಟೆ ಹೊಸದಾಗಿ ಹುಟ್ಟಿದ್ದಲ್ಲ. ನಾನು ಖರ್ಚು ಮಾಡದಿದ್ದರೆ ಅವಳು ಮಾಡುತ್ತಿದ್ದಳು. ಇಷ್ಟು ದಿನ ಅವಳೇ ಮಾಡುತ್ತಾ ಬಂದಿದ್ದಳು. ಉಳಿದ ನಲವತ್ತು ಹುಡುಗರಿಗೆ ವಾಟ್ಸಾಪ್ ಟಿಂಗ್ ಅಂದ ಕೂಡಲೇ ಸಿಕ್ಕಿದ್ದು ಅವಳಿಗೆ ಹಾಸ್ಟೆಲಿನ ಗೆಳತಿ ಬಿಡುವಾಗಿ, ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟ ಮೇಲೆ ಸಿಗುತ್ತಿತ್ತು. ಮೂರು ಸಂಜೆ, ನಾಲ್ಕು ಸಂಜೆ. ಗೆಳತಿಗೆ ನೆಗಡಿಯಾದರೆ ವಾರ. "ಓದೋದಕ್ಕಿಂತ ಕಾಯೋದೇ ಜಾಸ್ತಿ ಸಾರ್" ಅಂದಳು ಒಮ್ಮೆ, ದೂರಿನ ಹಾಗಲ್ಲ, ಬಸ್ಸಿನ ವೇಳೆ ಹೇಳುವ ಹಾಗೆ.

ಎನ್‌ಎಸ್‌ಎಸ್ ಹುಡುಗರನ್ನು ಸೇರಿಸಿ ಒಬ್ಬೊಬ್ಬರು ದಿನಕ್ಕೆ ಅರ್ಧ ಗಂಟೆ ಅವಳಿಗೆ ಓದಿ ಹೇಳುವ ಹಾಗೆ ಮಾಡೋಣ ಅಂತ ನನಗೊಂದು ಯೋಚನೆ ಬಂತು. ಒಳ್ಳೆಯ ಯೋಚನೆ ಅಂತಲೇ ಅಂದುಕೊಂಡಿದ್ದೆ. ಅವಳು ಸ್ವಲ್ಪ ತಡೆದು ಹೇಳಿದಳು, "ಬೇಡ ಸಾರ್. ಓದಿ ಹೇಳೋರ ಹತ್ರ ಜಗಳ ಆಡೋಕಾಗಲ್ಲ."

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸಮಯ ಬೇಕಾಯಿತು. ಅವಳಿಗೂ ಹತ್ತೊಂಬತ್ತು ವರ್ಷ. ಹಾಸ್ಟೆಲಿನಲ್ಲಿ ಬಕೆಟ್ಟಿಗೆ, ಫ್ಯಾನಿಗೆ, ಯಾರೋ ಹೇಳಿದ ಮಾತಿಗೆ ಜಗಳ ಆಡಬೇಕಾದ ವಯಸ್ಸು. ನಾಳೆ ಮೂರನೇ ಘಟಕ ಓದಿ ಹೇಳಬೇಕಾದವಳ ಹತ್ರ ಇವತ್ತು ಬಕೆಟ್ಟಿಗೆ ಜಗಳ ಆಡುವುದು ಹೇಗೆ? ಹಾಗಾಗಿ ನಗುತ್ತಾ ಇರಬೇಕು. ಥ್ಯಾಂಕ್ಸ್ ಹೇಳುತ್ತಾ ಇರಬೇಕು. ಪಾಠ ನೆಟ್ಟಗೆ ಓದುವ ಒಂದು ಫೈಲು ಇದ್ದರೆ ಅವಳು ಆರಾಮಾಗಿ ಜಗಳ ಆಡಬಹುದಿತ್ತು. ಕಂಪ್ಯೂಟರಿಗೆ ಬೇಜಾರಾಗುವುದಿಲ್ಲ.

ಪಠ್ಯಪುಸ್ತಕವನ್ನು ಸ್ಕ್ಯಾನ್ ಮಾಡಿ ಕೊಡಲು ಹೊರಟಾಗ ಸ್ಟಾಫ್ ರೂಮಿನಲ್ಲಿ ಇನ್ನೊಬ್ಬರು, "ಹುಷಾರು, ಪ್ರಕಾಶಕರು ಕೇಸ್ ಹಾಕ್ತಾರೆ" ಅಂದರು. ನಿಜವಾಗಿ ಹೆದರಿದೆ. ಆಮೇಲೆ ತಿಳಿಯಿತು, 2012ರಲ್ಲೇ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದಿದೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ, ಲಾಭದ ಉದ್ದೇಶವಿಲ್ಲದೆ, ಅವರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಬದಲಾಯಿಸಿ ಕೊಡಬಹುದು. ಇದೇ ವಿಷಯಕ್ಕೆ ಜಗತ್ತಿನ ದೇಶಗಳು ಮರಕೇಶ್ ಒಪ್ಪಂದ ಮಾಡಿಕೊಂಡಾಗ ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ನಮ್ಮದು. ಮರಕೇಶ್‌ ಒಪ್ಪಂದಕ್ಕೆ ಜಗತ್ತಿಗೇ ಮೊದಲಿಗರು ನಾವು. ನಮ್ಮ ತಾಲ್ಲೂಕು ಕೇಂದ್ರದ ಸ್ಟಾಫ್ ರೂಮಿಗೆ ಆ ಸುದ್ದಿ ಇನ್ನೂ ದಾರಿಯಲ್ಲಿದೆ.

ಮಹಡಿ ಮೇಲಿನ ಹಿಸ್ಟರಿ

ಸಮಯದ ಲೆಕ್ಕ ಹಿಡಿದು ನೋಡಲು ಶುರು ಮಾಡಿದ ಮೇಲೆ ಎಲ್ಲಿ ನೋಡಿದರೂ ಅದೇ ಕಾಣತೊಡಗಿತು. ಇನ್ನೊಬ್ಬ ಹುಡುಗ ಇದ್ದಾನೆ, ಪೋಲಿಯೋದಿಂದ ಒಂದು ಕಾಲು ಸೋತದ್ದು, ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಾನೆ. ನನ್ನ ಕ್ಲಾಸಿಗೆ ಪ್ರತಿ ಸಲ ಹತ್ತು ನಿಮಿಷ ತಡ. ಮೊದಲ ತಿಂಗಳು ಅವನನ್ನು ಬಾಗಿಲಲ್ಲಿ ನಿಲ್ಲಿಸಿ, ಏನಪ್ಪಾ ದಿನಾ ಲೇಟು ಅಂತ ಕೇಳಿದವನು ನಾನೇ. ಬೇಜಾರಿನಿಂದಲೇ ಬರೆಯುತ್ತಿದ್ದೇನೆ. ಅವನ ಹಿಂದಿನ ಪೀರಿಯಡ್ ಕೆಳಗೆ, ಈ ಕಟ್ಟಡದ ಆ ತುದಿಯಲ್ಲಿ. ನನ್ನದು ಮಹಡಿ ಮೇಲೆ, ಈ ತುದಿಯಲ್ಲಿ. ನಡುವೆ ಇಪ್ಪತ್ತೆರಡು ಮೆಟ್ಟಿಲು, ಬೆಲ್ಲಿಗೂ ಬೆಲ್ಲಿಗೂ ನಡುವೆ ಸೊನ್ನೆ ನಿಮಿಷ.

ನಮ್ಮ ಕಾಲೇಜಿನಲ್ಲಿ ರ‍್ಯಾಂಪ್ ಇದೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ತಿಂಗಳಲ್ಲಿ ಕಟ್ಟಿದ್ದು. ಅದು ಆಫೀಸಿನ ವರಾಂಡಕ್ಕೆ ಹೋಗುತ್ತದೆ, ಕ್ಲಾಸಿಗಲ್ಲ. ಅದರ ಬುಡದಲ್ಲಿ ಬೈಕುಗಳು ನಿಂತಿರುತ್ತವೆ, ನನ್ನದೂ ನಿಂತಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಜಾರಿಗೆ ಬಂದಾಗ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷ ಗಡುವು ಕೊಟ್ಟಿತ್ತು. ಆ ಐದು ವರ್ಷ ಯಾವಾಗಲೋ ಕಳೆಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಇದಕ್ಕೆ ಸಂಬಂಧಪಟ್ಟ ನಿಯಮಗಳು ಬರೀ ಸಲಹೆಯ ಹಾಗಿವೆ, ಬಿಡದೆ ಪಾಲಿಸಬೇಕಾದ ಮಾನದಂಡ ಯಾವುದು ಅಂತ ಮೂರು ತಿಂಗಳಲ್ಲಿ ಗೊತ್ತುಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಕಟ್ಟಡದ ಮಾತು ಬಿಡಿ, ಅದಕ್ಕೆ ದುಡ್ಡು ಬೇಕು, ಟೆಂಡರ್ ಬೇಕು. ನನಗೆ ಬೇಕಿದ್ದದ್ದು ಒಂದು ಕೋಣೆಯ ಅದಲುಬದಲು. ಕೆಳಗಿನ ಪೊಲಿಟಿಕಲ್ ಸೈನ್ಸ್ ಮೇಲೆ ಹೋಗಲಿ, ಹಿಸ್ಟರಿ ಕೆಳಗೆ ಬರಲಿ. ಖರ್ಚು ಸೊನ್ನೆ. ಟೈಮ್‌ಟೇಬಲ್ ನೋಡಿಕೊಳ್ಳುವವರ ಹತ್ರ ಕೇಳಿದೆ. "ಹಿಸ್ಟರಿ ಮೊದಲಿಂದಲೂ ಮೇಲೇ ಇರೋದಲ್ವಾ" ಅಂದರು. ಇತಿಹಾಸದ ಮೇಷ್ಟ್ರಿಗೆ ಇತಿಹಾಸದ ನೆಪ. ಆರು ವಾರ ಹಿಡಿಯಿತು. ಬದಲಾದದ್ದೂ ನನ್ನ ಮಾತಿಗಲ್ಲ, ಮೇಲಿನ ಕೋಣೆಯ ಮಾಳಿಗೆ ಸೋರಲು ಶುರುವಾಗಿ. ಹುಡುಗ ಈಗ ನನಗಿಂತ ಮುಂಚೆ ಬಂದು ಕೂತಿರುತ್ತಾನೆ. ಮಳೆಗೆ ಥ್ಯಾಂಕ್ಸ್.

ಅಂಗವೈಕಲ್ಯದ ಸರ್ಟಿಫಿಕೇಟಿನ ಕಥೆ ಎಲ್ಲರಿಗೂ ಗೊತ್ತು, ಉದ್ದ ಮಾಡುವುದಿಲ್ಲ. ಜಿಲ್ಲಾಸ್ಪತ್ರೆಗೆ ಹೋಗಿ ಬರಲು ಒಂದು ದಿನ, ಡಾಕ್ಟರ್ ಇಲ್ಲದಿದ್ದರೆ ಇನ್ನೊಂದು ದಿನ. ಆನ್‌ಲೈನ್ ಅರ್ಜಿ ಬಂದ ಮೇಲೆ ಸುಲಭವಾಯಿತು ಅನ್ನುತ್ತೇವೆ. ಕಣ್ಣು ಕಾಣದವಳ ಮುಂದೆ ಸೊಟ್ಟ ಅಕ್ಷರದ ಕ್ಯಾಪ್ಚಾ ಇಟ್ಟು, ನೀನು ಮನುಷ್ಯಳು ಅಂತ ಸಾಬೀತು ಮಾಡು ಅನ್ನುತ್ತದೆ ಅರ್ಜಿ. ಅವಳು ಮತ್ತೆ ಸೈಬರ್ ಸೆಂಟರಿಗೆ ಹೋಗಬೇಕು, ಪಾಸ್‌ವರ್ಡನ್ನು ಯಾರಿಗೋ ಹೇಳಬೇಕು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳನ್ನು ಬಳಸಲು ಆಗುವುದು ಬದುಕುವ ಹಕ್ಕಿನದೇ ಭಾಗ ಅಂದಿತು. ಅವಳಿಗೆ ಇದನ್ನು ಹೇಳಿದೆ. "ಒಳ್ಳೇದೇ ಸಾರ್. ಸೈಬರ್ ಸೆಂಟರ್ ಆರು ಗಂಟೆಗೆ ಮುಚ್ತಾರೆ, ಹೋಗ್ಬರ್ತೀನಿ" ಅಂದಳು.

ಇಷ್ಟೆಲ್ಲ ಕೂಡಿಸಿದರೆ ವಾರಕ್ಕೆ ಎಷ್ಟು ಗಂಟೆ ಆಗುತ್ತದೋ ನಾನು ಲೆಕ್ಕ ಹಾಕಿಲ್ಲ. ಹಾಕಬೇಕಾದವನು ನಾನಲ್ಲ ಅಂತ ಅನ್ನಿಸುತ್ತದೆ. ಆದರೆ ಯುಜಿಸಿಯ ಸೂಚನೆ ಪ್ರಕಾರ ಇರಬೇಕಾದ ಸಮಾನ ಅವಕಾಶ ಘಟಕ ನಮ್ಮಲ್ಲೂ ಇದೆ. ಒಂದು ಫಲಕ, ಒಂದು ರಿಜಿಸ್ಟರ್. ರಿಜಿಸ್ಟರಿನಲ್ಲಿ ಎಷ್ಟು ಮಂದಿ ವಿಕಲಚೇತನ ವಿದ್ಯಾರ್ಥಿಗಳು, ಎಷ್ಟು ಸ್ಕಾಲರ್‌ಶಿಪ್, ಎಷ್ಟು ಕಾರ್ಯಕ್ರಮ ಅನ್ನುವುದಕ್ಕೆ ಕಾಲಮ್ಮುಗಳಿವೆ. ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಭಾಷಣ ಮಾಡಿ ಹಾರ ಹಾಕಿದ ಫೋಟೋ ಅಂಟಿಸಿದ್ದಾರೆ. ಕಳೆದ ತಿಂಗಳು ಆ ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟರು. ಅತಿಥಿ ಉಪನ್ಯಾಸಕರಿಗೆ ಸಿಗುವುದು ಇಂಥದ್ದೇ ಜವಾಬ್ದಾರಿ, ಬೇರೆ ಯಾರಿಗೂ ಬೇಡವಾದದ್ದು. ಕೊನೆಯ ಪುಟದಲ್ಲಿ ಗೀಟೆಳೆದು ಒಂದು ಹೊಸ ಕಾಲಮ್ ಮಾಡಿದ್ದೇನೆ. ಪಾಠದ ಸಾಮಗ್ರಿ ಉಳಿದವರಿಗೆ ಸಿಕ್ಕ ದಿನ, ಅವಳಿಗೆ ಸಿಕ್ಕ ದಿನ. ಮೊದಲ ಸಾಲಿನಲ್ಲಿ ನಡುವಿನ ಅಂತರ ಹನ್ನೊಂದು ದಿನ. ವಿಷಯ ಹಿಸ್ಟರಿ, ಮೇಷ್ಟ್ರು ನಾನು.

ಫೋನು

ಪರೀಕ್ಷೆಗೆ ಅವಳಿಗೆ ಸ್ಕ್ರೈಬ್ ಹುಡುಕುವುದು ಇನ್ನೊಂದು ಸೆಮಿಸ್ಟರಿನಷ್ಟು ಕೆಲಸ. ಸ್ಕ್ರೈಬ್‌ನನ್ನು ಅಭ್ಯರ್ಥಿಯೇ ಕರೆತಂದರೆ ಅವರಿಗಿಂತ ಒಂದು ಹಂತ ಕಡಿಮೆ ಓದಿದವರಾಗಿರಬೇಕು ಅಂದಿತ್ತು 2018ರ ಮಾರ್ಗಸೂಚಿ. ಡಿಗ್ರಿಯವಳಿಗೆ ಪಿಯುಸಿಯವರು. ಅವಳ ಪರೀಕ್ಷೆ ಇರುವ ದಿನ ಅವರಿಗೂ ಕ್ಲಾಸಿರುತ್ತದೆ, ಟೆಸ್ಟಿರುತ್ತದೆ, ಇಲ್ಲವೇ ಮನೆಯಲ್ಲಿ ಬೇಡ ಅಂದಿರುತ್ತಾರೆ. ಒಂದೊಂದು ಪೇಪರಿಗೆ ಏಳೆಂಟು ಫೋನು ಮಾಡುತ್ತಾಳೆ. ಕಣ್ಣು ಕಾಣದ ವಿದ್ಯಾರ್ಥಿಗಳದೇ ಒಂದು ವಾಟ್ಸಾಪ್ ಗುಂಪಿದೆಯಂತೆ, ಅಲ್ಲಿ ದೊಡ್ಡವರು ಕೆಲವರು ಸ್ಕ್ರೈಬ್ ಹುಡುಕಿಕೊಡುತ್ತಾರಂತೆ. ಒಬ್ಬರಂತೂ ಇಡೀ ಹಿಸ್ಟರಿ ಪಾಠಗಳನ್ನು ಓದಿಸಿ ರೆಕಾರ್ಡ್ ಮಾಡಿ ಇಟ್ಟಿದ್ದಾರಂತೆ. ಅವರ ಹೆಸರು ಹೇಳಿದಳು, ಊರು ಹೇಳಿದಳು. ನಾನು ಒಂದು ನಿಮಿಷ ಸುಮ್ಮನಾದೆ. ನಂಬರ್ ಇಸ್ಕೊಂಡೆ.

ಫೋನ್ ಮಾಡಲು ಮೂರು ದಿನ ತಗೊಂಡೆ. ಅಣ್ಣ ಈಗ ಬೇರೆ ಜಿಲ್ಲೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ನಾನು ಯಾರು ಅಂತ ಹೇಳಿದ ಕೂಡಲೇ, "ಶಾ ದೀರ್ಘ!" ಅಂತ ಜೋರಾಗಿ ನಕ್ಕ. ಹೆಂಡತಿ ಮಕ್ಕಳ ವಿಷಯ, ನನ್ನ ಕೆಲಸದ ವಿಷಯ ಆಯಿತು. ಆಮೇಲೆ ನಾನು ಆ ನಕ್ಷೆ ಪ್ರಶ್ನೆಯ ಮಾತು ತೆಗೆದೆ. ಕೊನೇ ಪುಟ ನೋಡದೆ ಹೋದದ್ದು, ಇಷ್ಟು ವರ್ಷ ಅದು ಮನಸ್ಸಿನಲ್ಲಿ ಉಳಿದದ್ದು, ಎಲ್ಲ ಹೇಳಿ, "ತಪ್ಪಾಯ್ತು ಅಣ್ಣ" ಅಂದೆ.

"ಅಯ್ಯೋ, ಆ ಪ್ರಶ್ನೆ ಇರುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತಲ್ಲೋ" ಅಂದ. "ಹಾಸ್ಟೆಲಲ್ಲಿ ಸೀನಿಯರ್ಸ್ ಹೇಳಿದ್ರು. ಕೊನೇ ಪುಟದಲ್ಲಿರುತ್ತೆ ಅಂತ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ನೀನು ಅಷ್ಟೊತ್ತಿಗೆ ಎರಡು ಸಲ ಸಾರಿ ಅಂದಿದ್ದೆ. ನಿನ್ನ ದನಿ ನಡುಗ್ತಿತ್ತು. ಇನ್ನೊಂದು ತಪ್ಪು ತೋರಿಸಿದ್ರೆ ನಿನ್ನ ಕೈ ನಿಂತುಹೋಗೋದು. ಹತ್ತು ಅಂಕ ನೋಡ್ಲಾ, ಮಿಕ್ಕ ತೊಂಬತ್ತು ನೋಡ್ಲಾ?" ಸ್ವಲ್ಪ ಬಿಟ್ಟು, "ಅದಕ್ಕಿಂತ ಮುಂಚಿನ ಪೇಪರ್‌ಗೆ ಬಂದಿದ್ದ ಹುಡುಗನಿಗೆ ಬೈದುಬಿಟ್ಟಿದ್ದೆ. ತಪ್ಪುತಪ್ಪು ಬರೀತಿದ್ದ, ತಡ್ಕೊಳ್ಳೋಕಾಗಲಿಲ್ಲ. ಅವನು ಹಿಸ್ಟರಿಗೆ ಬರಲ್ಲ ಅಂದ. ಅದಕ್ಕೇ ಅಲ್ವಾ ರಾತ್ರೋರಾತ್ರಿ ನಿನ್ನ ಹಿಡ್ಕೊಂಡು ಬಂದಿದ್ದು" ಅಂದ.

ನಾನು ಏನೂ ಹೇಳಲಿಲ್ಲ. ಹದಿನಾರು ವರ್ಷದ ಹುಡುಗ ಹೆದರದ ಹಾಗೆ ನೋಡಿಕೊಳ್ಳುವುದೂ ಆವತ್ತು ಅವನ ಪರೀಕ್ಷೆಯಲ್ಲಿ ಸೇರಿತ್ತು. ಅದಕ್ಕೂ ಅದೇ ಗಂಟೆಯಿಂದಲೇ ನಿಮಿಷಗಳನ್ನು ತೆಗೆದಿದ್ದ. ಅವನೇ ಮಾತು ಬದಲಾಯಿಸಿ, "ಆ ಹುಡುಗಿಗೆ ನೋಟ್ಸ್ ಯುನಿಕೋಡಲ್ಲಿ ಕಳಿಸ್ತಿದ್ದೀಯಂತೆ. ಮುಗಿದ್ಮೇಲೆ ನಂಗೂ ಕಳ್ಸು, ಗುಂಪಲ್ಲಿ ಹಾಕ್ತೀನಿ, ಕೇಳೋರು ತುಂಬಾ ಜನ ಇದ್ದಾರೆ" ಅಂದ. ಆಯ್ತಣ್ಣ ಅಂದೆ. ಎಷ್ಟು ಘಟಕ ಆಗಿದೆ ಅಂತ ಕೇಳಿದ. ಎರಡು ಅಂದೆ. "ಐದು ಅಲ್ವಾ ಇರೋದು?"

ಐದು. ಮೂರನೆಯದು ಬಾದಾಮಿ ಚಾಲುಕ್ಯರು. ಫೈಲು ತೆರೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ, ಪುಲಕೇಶಿಯ ಅರ್ಕಾವತ್ತುಗಳೆಲ್ಲ ಇನ್ನೂ ಚೆಲ್ಲಾಪಿಲ್ಲಿ. ನಾಳೆ ಎರಡನೇ ಪೀರಿಯಡ್ ಅವಳ ಕ್ಲಾಸು.